ಮನೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯಲು, ಮಿಲ್ ಮಾಡಲು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಹೊರಗೆ ಕೊಡಬೇಕು?

ಒಂದೇ ಒಂದು ಪ್ಲೇಟನ್ನು ಮುಂದಿಟ್ಟುಕೊಂಡು ಮಾತಾಡೋಣ. 150 ಎಂಎಂ ಉದ್ದ, 100 ಎಂಎಂ ಅಗಲ, 10 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಧಾರಣ ಮೆದು ಉಕ್ಕು) ತುಂಡು. ತೂಕ ಒಂದು ಕೆಜಿ ಚಿಲ್ಲರೆ. ಇದರ ಮೇಲೆ ಬೆಲ್ಟ್ ಗ್ರೈಂಡರಿನ ಮೋಟಾರು ಕೂರಬೇಕು. ಬೆಲ್ಟು ಬಿಗಿ ಮಾಡಲು ಮೋಟಾರು ಹಿಂದೆ ಮುಂದೆ ಜರುಗಬೇಕು, ಅದಕ್ಕೆ ನಾಲ್ಕು ಉದ್ದನೆಯ ಸ್ಲಾಟ್ ಬೇಕು. ಒಂದೊಂದೂ 8.5 ಎಂಎಂ ಅಗಲ, ಬೋಲ್ಟಿಗೆ 20 ಎಂಎಂ ಓಡಾಟ. ಕೆಲಸ ಅಷ್ಟೇ.

ಇಂಥ ಪ್ಲೇಟನ್ನು ನಾನು ಹ್ಯಾಕ್ಸಾ ಮತ್ತು ಅರದಲ್ಲಿ ಮಾಡಿದ್ದೇನೆ. ಗ್ರೈಂಡರಿನಲ್ಲಿ ಕೊಯ್ದಿದ್ದೇನೆ. ಡ್ರಿಲ್ ಮಷಿನ್ನಿನಲ್ಲಿ ಮಿಲ್ ಮಾಡಲು, ಅಂದರೆ ತಿರುಗುವ ಕಟ್ಟರಿನಿಂದ ಲೋಹ ಕೆತ್ತಿ ತೆಗೆಯಲು, ಹೋಗಿ ಹಾಳು ಮಾಡಿದ್ದೇನೆ. ಚಿಕ್ಕ ಮಿಲ್ಲಿನಲ್ಲಿ ಮಾಡಿದ್ದೇನೆ, ಹೊರಗೆ ಲೇಸರಿಗೂ ಕೊಟ್ಟಿದ್ದೇನೆ. ಆ ಹಾಳಾದದ್ದೊಂದು ಬಿಟ್ಟರೆ ಉಳಿದ ಎಲ್ಲ ದಾರಿಯಲ್ಲೂ ಕೊನೆಗೆ ಪ್ಲೇಟು ಸಿಕ್ಕಿತು. ಆದರೆ ಖರ್ಚು, ಸಮಯ, ಗದ್ದಲ, ಅಪಾಯ ಒಂದೊಂದರಲ್ಲೂ ಬೇರೆ. ಈಗ ಶುರು ಮಾಡುವವರಿಗೆ ಆ ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ವಾಟ್?" ಅಂತ. ಲೋಹದ ಕೆಲಸದಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಹಿಡಿತದ್ದು. ಕೆಲಸದ ತುಂಡನ್ನು ಎಷ್ಟು ಗಟ್ಟಿಯಾಗಿ ಹಿಡಿಯಬಹುದು, ಕಟ್ಟರನ್ನು ಎಷ್ಟು ಗಟ್ಟಿಯಾಗಿ ಹಿಡಿಯಬಹುದು, ಇವೆರಡರ ನಡುವೆ ಇರುವ ಮಷಿನ್ ಎಷ್ಟು ಅಲುಗಾಡುತ್ತದೆ. ಮರ ಅಲುಗಾಟವನ್ನು ಸ್ವಲ್ಪ ಸಹಿಸುತ್ತದೆ. ಕಬ್ಬಿಣ ಸಹಿಸುವುದಿಲ್ಲ. ಅಲುಗಾಡಿದರೆ ಹಲ್ಲು ಮುರಿಯುತ್ತದೆ, ಮೇಲ್ಮೈಯಲ್ಲಿ ಅಲೆ ಅಲೆ ಗುರುತು ಬೀಳುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ಕೈಯಲ್ಲಿ ಐದು ಸಾವಿರ ಇದ್ದರೆ ಅರ್ಧಕ್ಕಿಂತ ಜಾಸ್ತಿ ತುಂಡನ್ನು ಬಿಗಿದು ಹಿಡಿಯುವ ಒಂದು ಒಳ್ಳೆಯ ಬೆಂಚ್ ವೈಸಿಗೆ ಹಾಕಿ. ಐದು ಇಂಚಿನದು ಸಾಕು. ಅದನ್ನು ಹಗುರ ಮೇಜಿಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ಗೋಡೆಗೆ ತಾಗಿಸಿದ ಭಾರದ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿ.

ಹ್ಯಾಕ್ಸಾ: ನಿಧಾನ, ಆದರೆ ನಂಬಬಹುದು

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಹ್ಯಾಕ್ಸಾ. ಕಿಡಿ ಇಲ್ಲ, ಪಕ್ಕದ ಮನೆಯವರ ಜಗಳ ಇಲ್ಲ. ಕೆಲವೇ ನೂರು ರೂಪಾಯಿಗೆ ಗಟ್ಟಿ ಫ್ರೇಮ್ ಸಿಗುತ್ತದೆ. ಬ್ಲೇಡ್ ಮಾತ್ರ ಚೆನ್ನಾಗಿರುವ ಬೈಮೆಟಲ್ (ಎರಡು ಬಗೆಯ ಉಕ್ಕು ಬೆಸೆದದ್ದು) ತಗೊಳ್ಳಿ. ಬಗ್ಗಿದರೂ ಪಟ್ಟನೆ ಮುರಿಯುವುದಿಲ್ಲ.

ಬ್ಲೇಡ್ ಆರಿಸುವಾಗ ಒಂದು ಇಂಚಿಗೆ ಎಷ್ಟು ಹಲ್ಲು ಅಂತ ನೋಡಬೇಕು. ಸಾಮಾನ್ಯವಾಗಿ ಸಿಗುವುದು 18, 24, 32. ಯಾವಾಗಲೂ ಕನಿಷ್ಠ ಮೂರು ಹಲ್ಲು ಲೋಹದ ಮೇಲೆ ಕೂತಿರಬೇಕು. ನಮ್ಮ 10 ಎಂಎಂ ಪ್ಲೇಟಿಗೆ 18 ಹಲ್ಲಿನ ಬ್ಲೇಡ್ ಹಾಕಿದರೆ ಏಳು ಹಲ್ಲು ಕೂರುತ್ತವೆ, ಚೆನ್ನಾಗಿ ಕೊಯ್ಯುತ್ತದೆ. ಅದೇ ಬ್ಲೇಡನ್ನು ಒಂದೂವರೆ ಎಂಎಂ ಗೋಡೆಯ ಪೈಪಿಗೆ ಹಾಕಿದರೆ ಒಂದೇ ಹಲ್ಲು ಸಿಕ್ಕಿಕೊಂಡು ಕಿತ್ತು ಬರುತ್ತದೆ. ತೆಳು ತಗಡನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಇಟ್ಟು ಮೂರನ್ನೂ ಸೇರಿಸಿ ಕೊಯ್ಯಿರಿ. ಆಗ ತಗಡು ಕುಣಿಯುವುದಿಲ್ಲ.

ಹಲ್ಲಿನ ಮೊನೆ ಮುಂದಕ್ಕೆ ಇರಬೇಕು. ಮುಂದೆ ನೂಕುವಾಗ ಒತ್ತಿ, ಹಿಂದೆ ಎಳೆಯುವಾಗ ಭಾರ ಬಿಡಿ. ನಿಮಿಷಕ್ಕೆ 40-50 ಸಲ ಸಾಕು. ಆತುರದಲ್ಲಿ ಗರಗರ ಅಂತ ಉಜ್ಜಿದರೆ ಬ್ಲೇಡು ಬಿಸಿಯಾಗಿ ಹಲ್ಲು ಸವೆಯುತ್ತದೆ. ಇನ್ನೊಂದು ವಿಷಯ, ಬ್ಲೇಡಿನ ಪೂರ್ತಿ ಉದ್ದ ಬಳಸಿ. ಬಹಳ ಜನರ ಬ್ಲೇಡು ನಡುವಿನ ಮೂರು ಇಂಚಿನಲ್ಲಿ ಮಾತ್ರ ಸವೆದಿರುತ್ತದೆ.

ಪ್ಲೇಟಿನ ವಿಷಯಕ್ಕೆ ಬಂದರೆ, ಸ್ಟೀಲ್ ಅಂಗಡಿಯಲ್ಲಿ 100 ಅಗಲ 10 ದಪ್ಪದ ಪಟ್ಟಿ ರೆಡಿ ಸಿಗುತ್ತದೆ. ಅದನ್ನೇ ತಂದರೆ ಒಂದೇ ಒಂದು ಅಡ್ಡ ಕೊಯ್ತ ಸಾಕು. ಹ್ಯಾಕ್ಸಾ ಫ್ರೇಮಿನ ಆಳ 100 ಎಂಎಂಗೆ ಸಾಲದೆ ಹೋಗಬಹುದು, ಹಾಗಾಗಿ ಎರಡೂ ಅಂಚಿನಿಂದ ಅರ್ಧರ್ಧ ಕೊಯ್ಯಿರಿ. ನನಗೆ ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಆಮೇಲೆ ಅರ. ಐಟಿಐ ಫಿಟ್ಟರ್ ಹುಡುಗರಿಗೆ ಮೊದಲ ದಿನಗಳಲ್ಲಿ ಮಾಡಿಸುವುದು ಇದನ್ನೇ, ಎಂಎಸ್ ತುಂಡೊಂದನ್ನು ಅರ ಹಾಕಿ ಚೌಕ ಮಾಡುವುದು. ಅರದ ಹಲ್ಲಿಗೆ ಸೀಮೆಸುಣ್ಣ ಬಳಿದುಕೊಂಡರೆ ಲೋಹದ ಪುಡಿ ಹಲ್ಲಿನ ನಡುವೆ ಕಚ್ಚಿಕೊಳ್ಳುವುದಿಲ್ಲ, ಪ್ಲೇಟಿನ ಮೇಲೆ ಗೀರು ಬೀಳುವುದಿಲ್ಲ.

ಗ್ರೈಂಡರ್ ಮತ್ತು ಚಾಪ್ ಸಾ: ವೇಗ ಬೇಕಿದ್ದರೆ

ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಎರಡು ಮೂರು ಸಾವಿರ ರೂಪಾಯಿಗೆ ಬರುತ್ತದೆ. ಒಂದು ಎಂಎಂ ದಪ್ಪದ ಕಟಿಂಗ್ ಡಿಸ್ಕ್ ಹಾಕಿದರೆ ನಮ್ಮ ಪ್ಲೇಟು ಕೆಲವೇ ನಿಮಿಷದಲ್ಲಿ ಎರಡು ತುಂಡು. ಹ್ಯಾಕ್ಸಾ ಹಿಡಿದು ಸುಸ್ತಾದವರಿಗೆ ಇದು ವರದ ಹಾಗೆ ಕಾಣುತ್ತದೆ. ನನಗೂ ಕಂಡಿತ್ತು.

ಆದರೆ ಈ ಉಪಕರಣಕ್ಕೆ ನಾನು ಇವತ್ತಿಗೂ ಹೆದರುತ್ತೇನೆ, ನೀವೂ ಹೆದರಬೇಕು ಅಂತಲೇ ಹೇಳುತ್ತೇನೆ. ಇದು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಅಂಚು ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಕೊಯ್ತದ ಕೊನೆಯಲ್ಲಿ ತುಂಡು ಬಾಗಿ ಡಿಸ್ಕನ್ನು ಕಚ್ಚಿದರೆ ಗ್ರೈಂಡರ್ ಕೈಯಿಂದ ಎಗರುತ್ತದೆ, ಇಲ್ಲವೇ ಡಿಸ್ಕ್ ಒಡೆದು ಹಾರುತ್ತದೆ. ಕಚ್ಚದಿರಲು ಉಪಾಯ ಒಂದೇ. ಬೇಕಾದ ತುಂಡನ್ನು ವೈಸಿನಲ್ಲಿ ಬಿಗಿಯಿರಿ, ಬೇಡದ ತುಂಡು ಕೆಳಗೆ ಬೀಳುವ ಹಾಗೆ ಹೊರಗೆ ಬಿಡಿ. ಎರಡೂ ಕಡೆ ಆನಿಸಿ ನಡುವೆ ಕೊಯ್ಯಬೇಡಿ.

ಗಾರ್ಡ್ ಬಿಚ್ಚಬೇಡಿ. ಕಾಲಿಗೆ ಶೂ, ಕಣ್ಣಿಗೆ ಕನ್ನಡಕ ಇರಲೇಬೇಕು, ಮುಖಕ್ಕೆ ಪೂರ್ತಿ ಶೀಲ್ಡ್ ಇದ್ದರೆ ಇನ್ನೂ ಒಳ್ಳೆಯದು. ಡಿಸ್ಕಿನ ನಡುವಿನ ತಗಡಿನ ಉಂಗುರದ ಮೇಲೆ ಅವಧಿಯ ತಿಂಗಳು, ವರ್ಷ ಒತ್ತಿರುತ್ತಾರೆ. ಸಾಮಾನ್ಯವಾಗಿ ತಯಾರಾಗಿ ಮೂರು ವರ್ಷ. ಅದರ ಅಂಟು ತೇವ ಹೀರಿ ಸಡಿಲವಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಶೆಡ್ಡಿನ ಗೋಡೆಗೆ ತೂಗುಹಾಕಿದ ಹಳೇ ಡಿಸ್ಕನ್ನು ಸುಮ್ನೆ ಬಿಸಾಡಿ, ಅದನ್ನು ಇಟ್ಟುಕೊಂಡರೆ ಉಳಿಯುವುದು ಮೂವತ್ತು ನಲವತ್ತು ರೂಪಾಯಿ ಮಾತ್ರ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ.

ಇನ್ನು ಅಲ್ಯೂಮಿನಿಯಂ. ಸಾಮಾನ್ಯ ಕಬ್ಬಿಣದ ಡಿಸ್ಕಿನಲ್ಲಿ ಅಲ್ಯೂಮಿನಿಯಂ ಕೊಯ್ದರೆ ಅದು ಕರಗಿ ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಡಿಸ್ಕು ಕೊಯ್ಯುವುದಿಲ್ಲ, ಬರೀ ಉಜ್ಜುತ್ತದೆ, ಬಿಸಿಯಾಗುತ್ತದೆ. ಅಲ್ಯೂಮಿನಿಯಂ ತಗಡಿಗೆ ಲೋಹದ ಬ್ಲೇಡ್ ಹಾಕಿದ ಜಿಗ್ ಸಾ ಎಷ್ಟೋ ಮೇಲು. ಜಿಐ (ಸತು ಲೇಪಿಸಿದ) ಪೈಪ್ ಕೊಯ್ಯುವಾಗ ಏಳುವ ಬಿಳಿ ಹೊಗೆ ಸತುವಿನದು, ಅದನ್ನು ಕುಡಿದರೆ ರಾತ್ರಿ ಜ್ವರ ಬರಬಹುದು. ಬಯಲಿನಲ್ಲಿ ಕೊಯ್ಯಿರಿ.

ಗೇಟು, ಗ್ರಿಲ್ಲು ಅಂತ ಆಂಗಲ್, ಪೈಪು ಜಾಸ್ತಿ ಕೊಯ್ಯುವವರು 14 ಇಂಚಿನ ಡಿಸ್ಕನ್ನು ಮೇಲಿನಿಂದ ಇಳಿಸಿ ಕೊಯ್ಯುವ ಚಾಪ್ ಸಾ ನೋಡುತ್ತಾರೆ. ವೆಲ್ಡಿಂಗ್ ಅಂಗಡಿಗೆ ಅದು ಸರಿ. ಮನೆಗೆ? ಅದು 2,000 ವಾಟ್ ದಾಟುತ್ತದೆ, ಅಂದರೆ ಒಂಬತ್ತು ಹತ್ತು ಆಂಪ್ ಎಳೆಯುತ್ತದೆ. ಸಣ್ಣ ಪ್ಲಗ್ಗಿಗೆ ಹಾಕುವ ಹಾಗಿಲ್ಲ, 16 ಆಂಪಿನ ಸಾಕೆಟ್ ಬೇಕು. ಡಿಸ್ಕು ಸ್ವಲ್ಪ ಬಾಗುವುದರಿಂದ ಕೊಯ್ತ ಪೂರ್ತಿ ನೇರ ಬರುವುದಿಲ್ಲ. ಇಎನ್8 ಥರದ ಕಾರ್ಬನ್ ಜಾಸ್ತಿ ಇರುವ ಉಕ್ಕಾದರೆ ಅಂಚು ಕಾದು ತಣಿದು ಗಟ್ಟಿಯಾಗುತ್ತದೆ, ಆಮೇಲೆ ಅದಕ್ಕೆ ಅರವೂ ಹಿಡಿಯುವುದಿಲ್ಲ, ಡ್ರಿಲ್ಲೂ ಹಿಡಿಯುವುದಿಲ್ಲ. ಗದ್ದಲವಂತೂ ಬೀದಿಗೆಲ್ಲ ಕೇಳುತ್ತದೆ.

ಬ್ಯಾಂಡ್ ಸಾ: ಜಾಗ ಇದ್ದರೆ ಇದೇ

ಕೊಯ್ಯುವುದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಡ್ಡ ಮಲಗುವ ಚಿಕ್ಕ ಬ್ಯಾಂಡ್ ಸಾ, ಅಂದರೆ ಬೆಲ್ಟಿನ ಹಾಗೆ ಸುತ್ತುವ ಬ್ಲೇಡಿನ ಗರಗಸ. ನಾಲ್ಕು ಇಂಚು ಎತ್ತರ, ಆರು ಇಂಚು ಅಗಲದ ತುಂಡು ಹಿಡಿಯುವ ಮಾದರಿ. ಇದರ ಬ್ಲೇಡು ಹೋಗುವುದು ನಿಮಿಷಕ್ಕೆ 20ರಿಂದ 50 ಮೀಟರ್ ವೇಗದಲ್ಲಿ ಮಾತ್ರ. ಗ್ರೈಂಡರಿನ ಪಕ್ಕ ಇಟ್ಟರೆ ಇದು ಎತ್ತಿನ ಗಾಡಿ. ಆದರೆ ತುಂಡನ್ನು ವೈಸಿನಲ್ಲಿ ಬಿಗಿದು, ಸ್ವಿಚ್ ಒತ್ತಿ, ನೀವು ಬೇರೆ ಕೆಲಸ ಮಾಡಬಹುದು. ತೋಳು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೊಯ್ದು ಮುಗಿದ ಮೇಲೆ ಸ್ವಿಚ್ಚಿಗೆ ತಾಗಿ ತಾನೇ ನಿಲ್ಲುತ್ತದೆ. ಕೊಯ್ತದ ಮುಖ ಮುಟ್ಟಿದರೆ ಬೆಚ್ಚಗಿರುತ್ತದೆ ಅಷ್ಟೇ, ನುಣುಪಾಗಿರುತ್ತದೆ. ಇಂಚು ಎರಡು ಇಂಚಿನ ದಪ್ಪ ರಾಡು ಕೊಯ್ಯುವವರಿಗೆ, ಲೇತ್ ಇರುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಮೊದಲ ದಿನ ಇದು ಓರೆಯಾಗಿ ಕೊಯ್ಯುತ್ತದೆ. ಮಷಿನ್ ಕೆಟ್ಟದ್ದು ಅಂತ ವಾಪಸ್ ಕಳಿಸಬೇಡಿ. ಬ್ಲೇಡನ್ನು ನೇರ ಹಿಡಿಯುವ ಗೈಡ್ ಬೇರಿಂಗುಗಳನ್ನು ಕಾರ್ಖಾನೆಯಲ್ಲಿ ಯಾರೂ ಕೂತು ಸರಿ ಮಾಡಿರುವುದಿಲ್ಲ. ಮೂಲೆಮಟ್ಟ ಹಿಡಿದುಕೊಂಡು ಒಂದು ಮಧ್ಯಾಹ್ನ ಕೂತರೆ ಸರಿಯಾಗುತ್ತದೆ. ತಿಂಗಳಿಗೆ ಎರಡು ಕೊಯ್ತ ಇರುವವರಿಗೆ ಮಾತ್ರ ಇದು ಬೇಡ, ಜಾಗ ತಿನ್ನುತ್ತದೆ.

ಸ್ಲಾಟ್ ಹೇಗೆ ತೆಗೆಯುವುದು?

ಕೊಯ್ಯುವುದು ಸುಲಭದ ಭಾಗ. ದುಡ್ಡು ಹೋಗುವುದು ಇಲ್ಲಿ.

ಮಿಲ್ ಇಲ್ಲದೆ ಸ್ಲಾಟ್ ಮಾಡುವ ಹಳೇ ದಾರಿ ಡ್ರಿಲ್ ಮತ್ತು ಅರ. ನಮ್ಮ ಸ್ಲಾಟಿಗೆ 10 ಎಂಎಂ ಅಂತರದಲ್ಲಿ ಮೂರು ಪಂಚ್ ಗುರುತು ಹಾಕಿ. ಮೂರಕ್ಕೂ 8.5 ಎಂಎಂ ತೂತು ಕೊರೆಯಿರಿ. ತೂತುಗಳ ನಡುವೆ ಒಂದೂವರೆ ಎಂಎಂ ಗೋಡೆ ಉಳಿಯುತ್ತದೆ. ಈ ಗೋಡೆ ಇರಲೇಬೇಕು. ಇನ್ನೂ ಹತ್ತಿರ ಕೊರೆದರೆ ಡ್ರಿಲ್ ಬಿಟ್ ಪಕ್ಕದ ತೂತಿಗೆ ಜಾರುತ್ತದೆ. ಆಮೇಲೆ ತೆಳು ಅರ ತೂರಿಸಿ ಗೋಡೆ ಒಡೆದು, ಉಳಿದ ಮುಳ್ಳುಗಳನ್ನು ಸವರಿದರೆ ಸ್ಲಾಟ್ ರೆಡಿ. ಒಂದಕ್ಕೆ ಇಪ್ಪತ್ತು ನಿಮಿಷ, ನಾಲ್ಕಕ್ಕೆ ಒಂದೂವರೆ ಗಂಟೆ. ನೋಡಲು ಅಷ್ಟು ಚೆಂದ ಇರುವುದಿಲ್ಲ, ಆದರೆ ಮೋಟಾರ್ ಪ್ಲೇಟಿಗೆ ಚೆಂದ ಬೇಕಿಲ್ಲ. ಬೋಲ್ಟಿನ ವಾಷರ್ ಕೆಳಗೆ ಎಲ್ಲ ಮುಚ್ಚಿಹೋಗುತ್ತದೆ.

ಈಗ ಆ ಹಾಳು ಮಾಡಿದ ಕಥೆ. ಬೆಂಚ್ ಡ್ರಿಲ್ ಇದೆ, ಅದರ ಕೆಳಗೆ ಎರಡು ಕಡೆ ಜರುಗುವ ಕ್ರಾಸ್ ವೈಸ್ ಇಟ್ಟು, ಡ್ರಿಲ್ ಬಿಟ್ ಹಿಡಿಯುವ ಚಕ್ಕಿಗೆ ಎಂಡ್ ಮಿಲ್ (ಪಕ್ಕದಲ್ಲೂ ಹಲ್ಲಿರುವ ಕಟ್ಟರ್) ಸಿಕ್ಕಿಸಿದರೆ ಮಿಲ್ಲಿಂಗ್ ಮಷಿನ್ ಆಗುವುದಿಲ್ಲವೇ? ಬಹಳ ಜನರಿಗೆ ಈ ಯೋಚನೆ ಬರುತ್ತದೆ, ನನಗೂ ಬಂತು. 8 ಎಂಎಂ ಎಂಡ್ ಮಿಲ್ ಹಾಕಿ ಮೊದಲ ಸ್ಲಾಟ್ ಶುರು ಮಾಡಿದೆ. ಎರಡು ಸಲ ಆ ಕಡೆ ಈ ಕಡೆ ಹೋಗಿ ಬಂತು. ಮೂರನೇ ಸಲ ಸದ್ದು ಬದಲಾಯಿತು. ಸಣ್ಣಗೆ ಗುಂಯ್ ಅನ್ನುತ್ತಿದ್ದದ್ದು ಕಟಕಟ ಅನ್ನತೊಡಗಿತು. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಚಕ್ಕು, ಕಟ್ಟರ್ ಎರಡೂ ಸ್ಪಿಂಡಲಿನಿಂದ (ಮಷಿನ್ನಿನ ತಿರುಗುವ ದಂಡದಿಂದ) ಕಳಚಿ ತಿರುಗುತ್ತಲೇ ಪ್ಲೇಟಿನ ಮೇಲೆ ಬಿದ್ದವು. ಕಟ್ಟರ್ ಮುರಿದು ಚೂರು ಗೋಡೆಗೆ ಬಡಿಯಿತು. ಪ್ಲೇಟಿನ ಮೇಲೆ ಅರ್ಧಚಂದ್ರದ ಗಾಯ. ಕಣ್ಣಿಗೆ ಕನ್ನಡಕ ಇತ್ತು, ಏನೂ ಆಗಲಿಲ್ಲ.

ಕಾರಣ ಸರಳ. ಡ್ರಿಲ್ಲಿನ ಚಕ್ಕನ್ನು ಸ್ಪಿಂಡಲ್ ಮೇಲೆ ಹಿಡಿದಿರುವುದು ಟೇಪರಿನ (ತುದಿಗೆ ಸಣ್ಣಗಾಗುವ ಕಾಂಡದ) ಬಿಗಿ ಮಾತ್ರ. ಕೊರೆಯುವಾಗ ಒತ್ತಡ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಟೇಪರ್ ಇನ್ನೂ ಬಿಗಿಯಾಗುತ್ತದೆ. ಮಿಲ್ ಮಾಡುವಾಗ ಒತ್ತಡ ಪಕ್ಕದಿಂದ ಬಡಿಬಡಿದು ಬರುತ್ತದೆ, ಟೇಪರ್ ಸಡಿಲವಾಗುತ್ತದೆ. ಅದರ ಮೇಲೆ ಎಂಡ್ ಮಿಲ್ಲಿನ ಓರೆ ಹಲ್ಲು ತನ್ನನ್ನು ತಾನೇ ಕೆಳಗೆ ಎಳೆದುಕೊಳ್ಳುತ್ತದೆ. ಮಿಲ್ಲಿಂಗ್ ಮಷಿನ್ನಿನಲ್ಲಿ ಸ್ಪಿಂಡಲ್ ಒಳಗಿಂದ ಒಂದು ಉದ್ದ ಬೋಲ್ಟ್, ಅಂದರೆ ಡ್ರಾಬಾರ್, ಕಟ್ಟರನ್ನು ಕಚ್ಚಿ ಹಿಡಿಯುವ ಕಾಲೆಟ್ಟನ್ನು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಡ್ರಿಲ್ ಮಷಿನ್ನಿಗೂ ಮಿಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಈ ಬೋಲ್ಟು. ಕ್ರಾಸ್ ವೈಸ್ ತೂತುಗಳನ್ನು ಸಾಲಾಗಿ ಕೂರಿಸಲು ಒಳ್ಳೆಯದು, ಅಷ್ಟಕ್ಕೆ ಬಳಸಿ.

ಲೇತ್ ಇರುವವರಿಗೆ ಇನ್ನೊಂದು ದಾರಿ ಉಂಟು. ಟೂಲ್ ಪೋಸ್ಟ್ ಜಾಗದಲ್ಲಿ ವರ್ಟಿಕಲ್ ಸ್ಲೈಡ್ ಕೂರಿಸಿ, ಅದರ ಮೇಲೆ ಕೆಲಸ ಹಿಡಿದು, ಹೆಡ್‌ಸ್ಟಾಕಿನಲ್ಲಿ ಕಟ್ಟರ್ ತಿರುಗಿಸುವುದು. ಕೀ ದಾರಿ (ಶಾಫ್ಟಿನಲ್ಲಿ ಕೀ ಕೂರುವ ಕಾಲುವೆ) ತೆಗೆಯುವುದಕ್ಕೆ, ಬೆಂಕಿಪೊಟ್ಟಣದಷ್ಟು ಚಿಕ್ಕ ಕೆಲಸಕ್ಕೆ ಸರಿ. ಕಟ್ಟರನ್ನು ಕಾಲೆಟ್ಟಿನಲ್ಲೇ ಹಿಡಿಯಿರಿ. ಮೂರು ದವಡೆ ಚಕ್ಕಿನಲ್ಲಿ ಅದರ ನುಣುಪು ಕಾಂಡ ನಿಧಾನವಾಗಿ ಜಾರಿ ಹೊರಗೆ ಬರುತ್ತದೆ. ನಮ್ಮ ಪ್ಲೇಟು ಈ ದಾರಿಗೆ ತುಂಬ ದೊಡ್ಡದು.

ಚಿಕ್ಕ ಮಿಲ್ಲು

ಮೇಜಿನ ಮೇಲೆ ಕೂರುವ, 50-60 ಕೆಜಿ ತೂಗುವ ಮಿಲ್ಲುಗಳು ಈಗ ಇಲ್ಲೂ ಸಿಗುತ್ತವೆ. ಬೆಲೆ ಲಕ್ಷದ ಆಸುಪಾಸು ಅಂದುಕೊಳ್ಳಿ. ಅಷ್ಟಕ್ಕೆ ಮುಗಿಯಲಿಲ್ಲ. ವೈಸು, ಕಾಲೆಟ್ ಸೆಟ್, ಕ್ಲ್ಯಾಂಪ್ ಸೆಟ್, ಪ್ಯಾರಲಲ್ ಪಟ್ಟಿಗಳು, ಡಯಲ್ ಗೇಜು, ಕಟ್ಟರುಗಳು ಸೇರಿದರೆ ಇನ್ನೊಂದು ದೊಡ್ಡ ಮೊತ್ತ. ಕೈಯಲ್ಲಿರುವ ದುಡ್ಡನ್ನೆಲ್ಲ ಮಷಿನ್ನಿಗೇ ಹಾಕಿದರೆ ಅದು ಕಟ್ಟರ್ ಇಲ್ಲದೆ ತಿಂಗಳುಗಟ್ಟಲೆ ಸುಮ್ನೆ ಕೂರುತ್ತದೆ.

ಕೊಳ್ಳುವಾಗ ಮೊದಲು ಕಂಬ ನೋಡಿ. ದುಂಡು ಕಂಬದ ಮಿಲ್ಲು ಅಗ್ಗಕ್ಕೆ ಸಿಗುತ್ತದೆ, ನೋಡಲೂ ಭಾರವಾಗಿರುತ್ತದೆ. ಆದರೆ ತಲೆಯನ್ನು ಮೇಲೆ ಕೆಳಗೆ ಮಾಡಿದ ಕೂಡಲೇ ಅದು ಕಂಬದ ಸುತ್ತ ಸ್ವಲ್ಪ ತಿರುಗಿಬಿಡುತ್ತದೆ. ತೂತು ಕೊರೆದು, ಡ್ರಿಲ್ ತೆಗೆದು, ಉದ್ದ ಕಡಿಮೆ ಇರುವ ಎಂಡ್ ಮಿಲ್ ಹಾಕಲು ತಲೆ ಇಳಿಸಿದರೆ ನಿಮ್ಮ ಅಳತೆಯ ಜಾಗ ಹೋಯಿತು, ಮತ್ತೆ ಮೊದಲಿನಿಂದ ಹುಡುಕಬೇಕು. ಚೌಕ ಕಂಬ, ಡವ್‌ಟೇಲ್ (ಓರೆ ಅಂಚಿನ) ಜಾರುದಾರಿ ಇರುವುದರಲ್ಲಿ ಈ ಕಷ್ಟ ಇಲ್ಲ. ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ನಾನು ಚೌಕ ಕಂಬದ್ದನ್ನೇ ಕೊಳ್ಳಿ ಅನ್ನುತ್ತೇನೆ.

ಎರಡನೆಯದು ತೂಕ. ಇಂಥ ಹಗುರ ಮಷಿನ್ನಿನ ಮೇಲೆ ಆಸೆ ಮಿತಿಯಲ್ಲಿರಬೇಕು. ಎಂಎಸ್ ಮೇಲೆ ಒಂದು ಸಲಕ್ಕೆ ಅರ್ಧ ಎಂಎಂ ಆಳ, ಅಷ್ಟೇ. ನಮ್ಮ 10 ಎಂಎಂ ದಪ್ಪಕ್ಕೆ ಇಪ್ಪತ್ತು ಸಲ ಓಡಾಡಬೇಕು. ಬುದ್ಧಿವಂತರು ಮೊದಲು ಎರಡು ತುದಿಗೂ ನಡುವಿಗೂ 8 ಎಂಎಂ ಡ್ರಿಲ್ ಕೊರೆದು, ಉಳಿದದ್ದನ್ನು ಮಾತ್ರ ಮಿಲ್ಲಿಗೆ ಬಿಡುತ್ತಾರೆ. ಜಾಗ, ದುಡ್ಡು ಎರಡೂ ಇದ್ದರೆ 150 ಕೆಜಿ ದಾಟಿದ ಬೆಂಚ್ ಮಿಲ್ಲು ತಗೊಳ್ಳಿ. ಅದೇ ಕಟ್ಟರ್, ಅದೇ ಕಬ್ಬಿಣ, ಆದರೆ ಸದ್ದೇ ಬೇರೆ ಇರುತ್ತದೆ.

ವೇಗದ ಲೆಕ್ಕ ನೆನಪಿಟ್ಟುಕೊಳ್ಳಲು ಸುಲಭ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರಿನಲ್ಲಿ ಎಂಎಸ್ ಕೊಯ್ಯುವಾಗ 8,000ವನ್ನು ಕಟ್ಟರಿನ ವ್ಯಾಸದಿಂದ ಭಾಗಿಸಿ. 8 ಎಂಎಂ ಕಟ್ಟರ್ ಆದರೆ ನಿಮಿಷಕ್ಕೆ 1,000 ಸುತ್ತು. 16 ಎಂಎಂ ಆದರೆ 500. ಅಲ್ಯೂಮಿನಿಯಂಗೆ ಇದರ ಮೂರು ಪಟ್ಟು ಹೋಗಬಹುದು. ಉಕ್ಕಿಗೆ ನಾಲ್ಕು ಹಲ್ಲಿನ ಕಟ್ಟರ್, ಅಲ್ಯೂಮಿನಿಯಂಗೆ ಎರಡು ಅಥವಾ ಮೂರು ಹಲ್ಲಿನದು, ಯಾಕೆಂದರೆ ಅದರ ಚಿಪ್ಸು ದಪ್ಪ, ಹೊರಗೆ ಬರಲು ಜಾಗ ಬೇಕು. ಉಕ್ಕಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ, ಬೀಡು ಕಬ್ಬಿಣಕ್ಕೆ (ಕಾಸ್ಟ್ ಐರನ್) ಏನೂ ಬೇಡ, ಒಣಗಿದ್ದೇ ಸರಿ.

ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿ ಕೆಲಸವನ್ನು ನೂಕಿ. ಅದರ ಜೊತೆಯಲ್ಲೇ ನೂಕಿದರೆ ಮುಖ ನುಣುಪಾಗಿ ಬರುತ್ತದೆ, ನಿಜ. ಆದರೆ ಚಿಕ್ಕ ಮಷಿನ್ನಿನ ಸ್ಕ್ರೂವಿನಲ್ಲಿ ಸಡಿಲ ಇರುತ್ತದೆ, ಕಟ್ಟರ್ ಟೇಬಲ್ಲನ್ನೇ ಫಕ್ಕನೆ ಎಳೆದುಕೊಂಡು ಮುರಿಯುತ್ತದೆ. ತಿರುಗುವ ಮಷಿನ್ ಹತ್ತಿರ ಬಟ್ಟೆಯ ಗ್ಲೌಸ್ ಬೇಡ, ಉದ್ದ ತೋಳಿನ ಅಂಗಿ ಬೇಡ. ಚಿಪ್ಸನ್ನು ಬ್ರಷ್ಷಿನಲ್ಲೇ ತೆಗೆಯಿರಿ.

ಸಿಎನ್‌ಸಿ (ಕಂಪ್ಯೂಟರ್ ಓಡಿಸುವ) ರೌಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 3018 ಅಂತ ಸಿಗುವ ಪುಟ್ಟ ಕಿಟ್ಟುಗಳಲ್ಲಿ ಅಲ್ಯೂಮಿನಿಯಂ ಮೇಲೆ ಹೆಸರು ಕೆತ್ತಬಹುದು, ಅದರಾಚೆಗೆ ಕಷ್ಟ. 24,000 ಸುತ್ತಿನ ಸ್ಪಿಂಡಲ್ ಇರುವ ದೊಡ್ಡ ರೌಟರುಗಳು ಒಂದೇ ಹಲ್ಲಿನ ಕಟ್ಟರ್ ಹಾಕಿದರೆ ಅಲ್ಯೂಮಿನಿಯಂ ಪ್ಲೇಟನ್ನು ಚೆನ್ನಾಗಿಯೇ ಕೊಯ್ಯುತ್ತವೆ. ಎಂಎಸ್ ಮಾತ್ರ ಬೇಡ. ಆ ವೇಗದಲ್ಲಿ 6 ಎಂಎಂ ಕಟ್ಟರಿನ ಅಂಚು ನಿಮಿಷಕ್ಕೆ 450 ಮೀಟರ್ ಓಡುತ್ತದೆ, ಉಕ್ಕಿನ ಮೇಲೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹಳೇ ದೊಡ್ಡ ಮಷಿನ್

ನಾವು ಕರ್ನಾಟಕದವರಿಗೆ ಇಲ್ಲಿ ಒಂದು ಅನುಕೂಲ ಇದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ, 1961ರಲ್ಲಿ ಬಿಎಫ್‌ಡಬ್ಲ್ಯೂ. ಮೂರೂ ಮಷಿನ್ ಟೂಲ್ ತಯಾರಿಸಿದ ಕಂಪನಿಗಳು. ಆ ಕಾಲದ ಲೇತ್‌ಗಳು, ಮಿಲ್ಲುಗಳು ಇವತ್ತಿಗೂ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಶೆಡ್ಡುಗಳಲ್ಲಿ ದುಡಿಯುತ್ತಿವೆ. ಶೆಡ್ಡಿಗೆ ಸಿಎನ್‌ಸಿ ಬಂದಾಗ ಇವು ಹೊರಗೆ ಬರುತ್ತವೆ, ಕೆಲವೊಮ್ಮೆ ಗುಜರಿ ತೂಕದ ಬೆಲೆಗೇ ಹೋಗುತ್ತವೆ. ಅಂಥ ಮಷಿನ್ ಗುಜರಿಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಸ ಚಿಕ್ಕ ಮಿಲ್ಲಿನ ದುಡ್ಡಿಗೆ ಅದರ ಹತ್ತಾರು ಪಟ್ಟು ತೂಕದ, ಹತ್ತಾರು ಪಟ್ಟು ಗಟ್ಟಿಯ ಮಷಿನ್!

ಆದರೆ ನಿಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಿ. ಅದರ ತೂಕ ಟನ್ ಲೆಕ್ಕದಲ್ಲಿ. ನೆಲಮಹಡಿ ಬೇಕು, ಕಾಂಕ್ರೀಟ್ ನೆಲ ಬೇಕು, ಕ್ರೇನು ಒಳಗೆ ಬರುವ ಗೇಟು ಬೇಕು. ಕರೆಂಟು ಮೂರು ಫೇಸಿನದು. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಅದನ್ನು ಮೂರು ಫೇಸು ಮಾಡಿ ಕೊಡುವ ವಿಎಫ್‌ಡಿ ಹಾಕಬಹುದು. ಆದರೆ ಒಂದು ವಿಷಯ ತಿಳಿದಿರಲಿ. ಸಿಂಗಲ್ ಫೇಸಿನ ಸಾಮಾನ್ಯ ವಿಎಫ್‌ಡಿ ಹೊರಗೆ ಕೊಡುವುದು 230 ವೋಲ್ಟಿನ ಮೂರು ಫೇಸು, 415 ಅಲ್ಲ. ಸ್ಟಾರ್‌ನಲ್ಲಿ ಕಟ್ಟಿದ ಚಿಕ್ಕ ಮೋಟಾರಾದರೆ ವೈರಿನ ಡಬ್ಬಿ ಬಿಚ್ಚಿ ಡೆಲ್ಟಾಗೆ ಬದಲಿಸಿದರೆ ನಡೆಯುತ್ತದೆ (ಸ್ಟಾರ್, ಡೆಲ್ಟಾ ಅಂದರೆ ಮೋಟಾರಿನ ತಂತಿ ಜೋಡಿಸುವ ಎರಡು ರೀತಿ). ಮೊದಲೇ ಡೆಲ್ಟಾದಲ್ಲಿ 415ಕ್ಕೆ ಕಟ್ಟಿದ ಮೋಟಾರಾದರೆ ನಡೆಯುವುದಿಲ್ಲ, ಮೋಟಾರೇ ಬದಲಿಸಬೇಕು. ಮಷಿನ್ ನೋಡಲು ಹೋದಾಗ ಮೋಟಾರಿನ ಪ್ಲೇಟಿನ ಫೋಟೋ ತೆಗೆದುಕೊಂಡು ಬಂದು ಮೋಟಾರು ಬಲ್ಲ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ನೋಡಲು ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಟೇಬಲ್ಲಿನ ಹ್ಯಾಂಡಲನ್ನು ಒಂದು ಕಡೆ ತಿರುಗಿಸಿ ನಿಲ್ಲಿಸಿ, ಈಗ ಹಿಂದಕ್ಕೆ ತಿರುಗಿಸಿ, ಟೇಬಲ್ ಅಲುಗುವ ಮುಂಚೆ ಎಷ್ಟು ಖಾಲಿ ಓಡುತ್ತದೆ ನೋಡಿ. ಇದನ್ನು ನಡುವಿನಲ್ಲೂ ತುದಿಯಲ್ಲೂ ಮಾಡಬೇಕು. ದಿನವೂ ಕೆಲಸ ಆದದ್ದು ನಡುವಿನಲ್ಲಿ, ಅಲ್ಲಿ ಸ್ಕ್ರೂ ಸವೆದಿರುತ್ತದೆ. ನಡುವಿಗೆ ಬಿಗಿ ಮಾಡಿದರೆ ತುದಿಯಲ್ಲಿ ಸಿಕ್ಕಿಕೊಳ್ಳುವ ಮಷಿನ್ನನ್ನು ಬಿಡಿ. ಸ್ಪಿಂಡಲಿನ ಟೇಪರ್ ಒಳಗೆ ಬೆರಳು ಹಾಕಿ ಸವರಿ, ಗಾಯ ಇದ್ದರೆ ಗೊತ್ತಾಗುತ್ತದೆ. ಅದಕ್ಕೆ ಹೊಂದುವ ಕಾಲೆಟ್ ಹೋಲ್ಡರ್ ಜೊತೆಗೇ ಕೊಡುತ್ತಾರಾ ಕೇಳಿ.

ಹೊರಗೆ ಕೊಡುವುದು

ಇದನ್ನು ಸೋಲು ಅಂತ ಅಂದುಕೊಳ್ಳುವವರು ಇದ್ದಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. 10 ಎಂಎಂ ಎಂಎಸ್ ಫೈಬರ್ ಲೇಸರಿಗೆ ಸುಲಭದ ಕೆಲಸ. ಹೊರ ಅಂಚು, ನಾಲ್ಕು ಸ್ಲಾಟು ಎಲ್ಲ ಸೇರಿ ನೋಡನೋಡುತ್ತಿದ್ದಂತೆ ಮುಗಿಯುತ್ತದೆ. ಡಿಎಕ್ಸ್‌ಎಫ್ (ಕಂಪ್ಯೂಟರಿನಲ್ಲಿ ಬಿಡಿಸಿದ ಡ್ರಾಯಿಂಗ್) ಫೈಲ್ ಕೊಡಬೇಕು, ಅಷ್ಟೇ. ಒಂದೇ ಪ್ಲೇಟ್ ಅಂದರೆ ಅಂಗಡಿಯವರು ಮುಖ ಕಿವುಚುತ್ತಾರೆ, ಅವರ ಕನಿಷ್ಠ ಚಾರ್ಜು ಬೀಳುತ್ತದೆ. ಹಾಗಾಗಿ ನಾಲ್ಕೈದು ಕೆಲಸ ಕೂಡಿಟ್ಟು ಒಟ್ಟಿಗೆ ಕೊಡಿ.

ಲೇಸರಿನ ಗುಣ ತಿಳಿದು ಡ್ರಾಯಿಂಗ್ ಮಾಡಬೇಕು. ಪ್ಲೇಟಿನ ದಪ್ಪಕ್ಕಿಂತ ಚಿಕ್ಕ ತೂತನ್ನು ಅದರಿಂದ ಕೇಳಬೇಡಿ, ಅಂಕುಡೊಂಕಾಗುತ್ತದೆ. ನಮ್ಮ 8.5 ಎಂಎಂ ಸ್ಲಾಟು 10 ಎಂಎಂ ಪ್ಲೇಟಿನಲ್ಲಿ ಆ ಮಿತಿಗಿಂತ ಸ್ವಲ್ಪ ಚಿಕ್ಕದು, ನಾನು 10.5ಕ್ಕೆ ಅಗಲ ಮಾಡಿ ದಪ್ಪ ವಾಷರ್ ಹಾಕುತ್ತೇನೆ. ಎಂ8 ಟ್ಯಾಪ್ ಹಾಕುವ (8 ಎಂಎಂ ಬೋಲ್ಟಿಗೆ ತೂತಿನೊಳಗೆ ತಿರುಪು ಕೊಯ್ಯುವ) ಜಾಗದಲ್ಲಿ ಲೇಸರಿಗೆ ಬರೀ ಗುರುತು ಹಾಕಲು ಹೇಳಿ, ಮನೆಯಲ್ಲಿ 6.8 ಎಂಎಂ ಡ್ರಿಲ್ ಕೊರೆದು ಟ್ಯಾಪ್ ಮಾಡಿ. ಲೇಸರ್ ಕೊಯ್ದ ಅಂಚು ಗಟ್ಟಿ, ಟ್ಯಾಪ್ ಮುರಿಯುತ್ತದೆ.

ಬೇರಿಂಗ್ ಕೂರುವಂಥ ನಿಖರ ಕೆಲಸಕ್ಕೆ, ಗಟ್ಟಿ ಮಾಡಿದ ಉಕ್ಕಿಗೆ ವೈರ್ ಕಟ್ (ತೆಳು ತಂತಿಯ ವಿದ್ಯುತ್ ಕಿಡಿಯಿಂದ ಕೊಯ್ಯುವುದು) ಇದೆ. ಕೊಯ್ದ ಮುಖದ ವಿಸ್ತೀರ್ಣ ಲೆಕ್ಕ ಹಾಕಿ ದುಡ್ಡು ತಗೊಳ್ಳುತ್ತಾರೆ, ಹಾಗಾಗಿ ದಪ್ಪ ಜಾಸ್ತಿಯಾದಷ್ಟೂ ಬಿಲ್ಲು ಜಾಸ್ತಿ. ಮಿಲ್ಲಿಂಗ್ ಜಾಬ್ ವರ್ಕ್ ಕೊಡುವಾಗ ಪೂರ್ತಿ ಪ್ಲೇಟನ್ನು ಕೊಡುವ ಬದಲು ನೀವೇ ಕೊಯ್ದು, ತೂತು ಕೊರೆದು, ನಿಮ್ಮಿಂದ ಆಗದ ಒಂದು ಮುಖವನ್ನು ಮಾತ್ರ ಕೊಡಿ. ಡ್ರಾಯಿಂಗಿನಲ್ಲಿ ಎಲ್ಲ ಅಳತೆಗೂ 0.01 ಅಂತ ಬರೆಯಬೇಡಿ. ಬೇರಿಂಗ್ ಕೂರುವ ಜಾಗಕ್ಕೆ ಮಾತ್ರ ಬಿಗಿ ಅಳತೆ ಸಾಕು, ಉಳಿದದ್ದಕ್ಕೆ ಅರ್ಧ ಎಂಎಂ ಹೆಚ್ಚುಕಡಿಮೆ ನಡೆಯುತ್ತದೆ ಅಂತ ಬರೆದರೆ ರೇಟು ಇಳಿಯುತ್ತದೆ.

ಈಗ ಕೊಳ್ಳುವ ಮಾತು. ಮೊದಲ ವರ್ಷ ವೈಸು, ಹ್ಯಾಕ್ಸಾ, ಮೂರು ಒಳ್ಳೆಯ ಅರ, ಒಂದು ಬೆಂಚ್ ಡ್ರಿಲ್ ಇಷ್ಟರಲ್ಲೇ ಇರಿ. ಬಯಲು ಜಾಗ ಇದ್ದರೆ ಗ್ರೈಂಡರ್ ಸೇರಿಸಿ. ಹೊರಗೆ ಕೊಟ್ಟ ಪ್ರತಿ ಕೆಲಸದ ಬಿಲ್ಲನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ವರ್ಷದ ಕೊನೆಗೆ ತೆಗೆದು ನೋಡಿ. ಎಲ್ಲ ತಗಡು, ಪ್ಲೇಟಿನ ಆಕಾರಗಳೇ ಆಗಿದ್ದರೆ ನಿಮಗೆ ಮಿಲ್ಲು ಬೇಡ, ಲೇಸರ್ ಅಂಗಡಿಯೇ ಸಾಕು. ದಪ್ಪ ತುಂಡುಗಳು, ಕೀ ದಾರಿ, ಮೆಟ್ಟಿಲು ಮೆಟ್ಟಿಲಾದ ಮುಖಗಳು, ಮತ್ತೆ ಮತ್ತೆ ಹಾಕಿ ನೋಡಿ ತಿದ್ದಬೇಕಾದ ಭಾಗಗಳು ಜಾಸ್ತಿ ಇದ್ದರೆ ಚೌಕ ಕಂಬದ ಮಿಲ್ಲಿಗೆ ದುಡ್ಡು ಕೂಡಿಸಲು ಶುರು ಮಾಡಿ. ಸ್ವಂತ ಶೆಡ್ಡು ಇದ್ದವರು ಅದರ ಜೊತೆಗೇ ಹಳೇ ಮಷಿನ್ ವ್ಯಾಪಾರಿಗಳ ಕಡೆಗೂ ಒಂದು ಕಣ್ಣಿಟ್ಟಿರಿ.

ನನ್ನ ಈ ಸಲದ ಪ್ಲೇಟು ಮಿಲ್ಲಿನಲ್ಲೇ ಆಯಿತು. ಪಟ್ಟಿಯನ್ನು ಹ್ಯಾಕ್ಸಾದಲ್ಲಿ ಕೊಯ್ದೆ, ಭಾನುವಾರ ಬೆಳಗ್ಗೆ ಗ್ರೈಂಡರ್ ಹಚ್ಚುವುದು ನಮ್ಮ ಬೀದಿಗೆ ಆಗಿಬರುವುದಿಲ್ಲ. ಡ್ರಿಲ್ ಕೊರೆದು, 8 ಎಂಎಂ ಕಟ್ಟರಿನಲ್ಲಿ ನಡುವೆ ಓಡಿಸಿ, ಕೊನೆಗೆ ಎರಡೂ ಗೋಡೆಗೆ ಕಾಲು ಎಂಎಂ ಸವರಿದೆ. ನಾಲ್ಕು ಸ್ಲಾಟಿಗೆ ಐವತ್ತು ನಿಮಿಷ. ಇಬ್ಬರು ಗೆಳೆಯರು ತಮಗೂ ಇಂಥದೇ ಬೇಕು ಅಂದಿದ್ದಾರೆ, ಆ ಎರಡನ್ನೂ ಮುಂದಿನ ವಾರದ ಲೇಸರ್ ಫೈಲಿನಲ್ಲಿ ಸೇರಿಸಿದ್ದೇನೆ.